ಹೊಳೆವ್ವನ ಮಗ ಎದ್ದು ಕೂತ

ಬೆಂಗೇರಿ, ೧೨-೮-೨೦೦೯

ಶಶಿಕಾಂತ,

ನಾನು ನಿನ್ನ ಅವ್ವ, ಹತ್ತಿ ವ್ಯಾಪಾರಸ್ಥರ ಮನೆಯ ಹಿರಿಯಳು. ಓಣಿಯಲ್ಲಿ ನನ್ನ ಮಾತಿಗೆ ಯಾರೂ ಎದುರಾಡುವುದಿಲ್ಲ. ನೀನು ಹೃದಯಾಘಾತದಿಂದ ಹೋದೆ ಎಂದು ನಾನು ಹೇಳಿದ್ದನ್ನು ಎರಡು ವರ್ಷದಿಂದ ಎಲ್ಲರೂ ನಂಬಿದ್ದಾರೆ.

ನಿನ್ನೆ ಪಕ್ಕದ ಮನೆಯ ಹೊಳೆವ್ವನ ಮಗ ಹನಮೇಶ ನಶೆಯ ಸೂಜಿ ಚುಚ್ಚಿಕೊಂಡು, ತುಟಿ ನೀಲಿಗಟ್ಟಿ ಅಂಗಳದಲ್ಲಿ ಬಿದ್ದಿದ್ದ. ಸರಕಾರಿ ಕೇಂದ್ರದ ನರ್ಸ್ ಜಯಾ ಓಡಿ ಬಂದು ನಶೆ ಇಳಿಸುವ ಇಂಜೆಕ್ಷನ್ ಕೊಟ್ಟಳು. ಹುಡುಗ ಉಸಿರೆಳೆದು ಎದ್ದು ಕೂತ.

"ಹಾಟ್ಯಾ, ನನ್ನ ಜೀವಾ ತಿನ್ನಾಕ ಮತ್ತ ಬಂದಿ?" ಎಂದು ಹೊಳೆವ್ವ ಅವನ ಬೆನ್ನಿಗೆ ಗುದ್ದಿದಳು. ನನ್ನ ಹೊಟ್ಟೆ ಉರಿದುಹೋಯಿತು. ಬೈಯುವುದಕ್ಕೆ ಅವಳಿಗೆ ಮಗನಿದ್ದಾನೆ.

ನೀನು ಬದುಕಿದ್ದಾಗ ಈ ಜಯಾ ಮೊದಲು ನಮ್ಮ ಬಾಗಿಲಿಗೇ ಬಂದಿದ್ದಳು.

"ಅವ್ವಾರ, ನಶೆ ಮಾಡೋರ ಪಟ್ಟ್ಯಾಗ ಮಗನ ಹೆಸರು ಬರಸ್ರಿ. ಉಸಿರು ನಿಂತಂಗಾದ್ರ ಫೋನ್ ಮಾಡ್ರಿ, ಔಷಧ ತೊಗೊಂಡು ಲಗೂ ಬರ್ತೇನಿ."

"ನಮ್ಮ ಮನ್ಯಾಗ ಅಂಥಾವ್ರು ಯಾರೂ ಇಲ್ಲ. ಮುಂದಿನ ಮನಿಗೆ ಹೋಗವ್ವಾ" ಎಂದೆ. ನೀನು ಒಳಗೇ ಇದ್ದೆ, ಕೇಳಿಸಿಕೊಂಡಿರಬೇಕು. ಹೊಳೆವ್ವನ ಮನೆಯನ್ನು ಅವಳಿಗೆ ತೋರಿಸಿದವಳು ನಾನೇ.

ಹೊಳೆವ್ವನ ಮುಖ ನೋಡಲು ಇನ್ನೂ ನನ್ನಿಂದಾಗುತ್ತಿಲ್ಲ. ಆದರೆ ಇವತ್ತು ಮುಂಜಾನೆ ನಳದ ನೀರು ಬಂದಾಗ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಮಕ್ಕಳ ಹೆಸರು ಬಚ್ಚಿಡಬೇಡಿ, ಜಯಾಳ ಹತ್ತಿರ ಬರೆಸಿ ಎಂದೆ. ನೀನು ಹೃದಯಾಘಾತದಿಂದಲ್ಲ, ಅದೇ ಸೂಜಿಯಿಂದ ಸತ್ತೆ ಎಂಬುದನ್ನೂ ಹೇಳಿದೆ.