ಬಂಗಾರಕ್ಕನ ಸೊಟ್ಟ ಕೈ

ಉರಿಗಾಂ, ಕೆ.ಜಿ.ಎಫ್.
ಸೋಮವಾರ, ೧೪ ಜುಲೈ ೨೦೨೫

ಕಾಲುಚೀಲಕ್ಕೆ ಪ್ರಾಣಪ್ರತಿಷ್ಠೆ ಮಾಡಿದ ಮಹಾಪುರುಷರೂ, ಭಾನುವಾರದ ಸಂಜೆಗಳ ನಗೆಚಕ್ರವರ್ತಿಗಳೂ, ಬೊಂಬೆಯ ಬಾಯಿ ಮಾಡುವ ನೆಪದಲ್ಲಿ ನನ್ನ ಜಾಮಿಟ್ರಿ ಬಾಕ್ಸನ್ನು ಬಲಿ ತೆಗೆದುಕೊಂಡವರೂ ಆದ ಮುನೇಶ್ ಮಾಮನವರ ದಿವ್ಯ ಸನ್ನಿಧಾನಕ್ಕೆ, ಅಕ್ಕನ ಮಗಳು ಲಿಖಿತ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಕ್ಷೇಮವೇ ಪ್ರಭು? ಕೆಮ್ಮು ಹೋಯ್ತಾ? ಊಟ ಮಾಡ್ತಿದ್ದೀಯಾ, ಇಲ್ಲ ಬನ್ನು ಟೀಯಲ್ಲೇ ದಿನ ತಳ್ತಿದ್ದೀಯಾ? ಇಲ್ಲಿ ಅಮ್ಮ ಕ್ಷೇಮ, ಮಂಡಿಯೊಂದನ್ನು ಬಿಟ್ಟು ಅಜ್ಜಿ ಕ್ಷೇಮ, ಪರೀಕ್ಷೆಯೊಂದನ್ನು ಬಿಟ್ಟು ನಾನು ಕ್ಷೇಮ. ಈ ಕಾಲದಲ್ಲಿ ಕಾಗದ ಯಾಕೆ ಅಂತ ಹುಬ್ಬು ಹಾರಿಸಬೇಡ. ಫೋನ್ ಮಾಡಿದರೆ "ಶೂಟಿಂಗಲ್ಲಿದ್ದೀನಿ ಕಣಮ್ಮೀ" ಅಂತ ಕಟ್ ಮಾಡ್ತೀಯ. ಕಾಗದವನ್ನು ಕಟ್ ಮಾಡೋಕಾಗಲ್ಲ.

ಶೂಟಿಂಗ್ ವಿಷಯಕ್ಕೇ ಬರ್ತೀನಿ. ಕಳೆದ ತಿಂಗಳ ಒಂದು ಭಾನುವಾರ ಎಂದಿನಂತೆ ನಮ್ಮ ದರ್ಬಾರು ಟಿ.ವಿ. ಮುಂದೆ ನೆರೆದಿತ್ತು. ನಿನ್ನ ಬೊಂಬೆ ಬಂಗಾರಕ್ಕ ಬಂದಳು. ಅದೇ ಕೆಂಪು ಸೀರೆ, ಅದೇ ಗುಂಡಿ ಕಣ್ಣು. ಬಂದವಳೇ ಕೈಮುಗಿದು "ವೀಕ್ಷಕ ಬಂಧುಗಳಿಗೆ ನಮಸ್ಕಾರ" ಅಂದುಬಿಟ್ಟಳು. ಹುರಳಿಕಾಯಿ ಬಿಡಿಸ್ತಿದ್ದ ಅಮ್ಮನ ಕೈ ಹಾಗೇ ನಿಂತಿತು. ಬಂಗಾರಕ್ಕ ಯಾವ ಕಾಲಕ್ಕೆ ನಮಸ್ಕಾರ ಅಂದವಳು? "ಏನ್ರಲಾ, ಉಂಡ್ರಾ? ಸಾಪ್ಟೀಂಗಳಾ? ತಿನ್ನಾರಾ?" ಅಂತ ಮೂರು ಭಾಷೇಲಿ ವಿಚಾರಿಸಿಕೊಂಡು ಆಮೇಲೆ ತಾನೇ ಅವಳ ಬೈಗುಳ ಶುರುವಾಗೋದು? ಅಜ್ಜಿ ಮಾತ್ರ ಮಾತು ಕೇಳಲೇ ಇಲ್ಲ. ಎದ್ದು ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, "ಇದು ನಮ್ಮುಡ್ಗನ ಕೈ ಅಲ್ಲ ಕಣಮ್ಮೀ. ನೋಡು, ಎಲ್ಡು ಕೈಯೂ ನೆಟ್ಟಗವೆ" ಅಂದಳು.

ಚಿಕ್ಕವನಿದ್ದಾಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲಿನ ಬಾಗಿಲಿಗೆ ಸಿಕ್ಕ ನಿನ್ನ ಕಿರುಬೆರಳು ಆಮೇಲೆ ನೆಟ್ಟಗಾಗಲೇ ಇಲ್ಲವಲ್ಲ. ಅದಕ್ಕೇ ಆ ಬೆರಳು ತೂರಿಸಿದ ಬಂಗಾರಕ್ಕನ ಒಂದು ಕೈ ಯಾವಾಗಲೂ ಅರ್ಧ ಎತ್ತಿದ ಹಾಗೇ ಇರ್ತಿತ್ತು. ಯಾರಿಗೋ ಬಾರಿಸೋಕೆ ಎತ್ತಿದ ಕೈ ಅಂದುಕೊಂಡು ಜನ ನಕ್ಕರು. ಅದು ನಿನ್ನ ಬೆರಳು ಅಂತ ಗೊತ್ತಿದ್ದದ್ದು ನಮಗೆ ಮಾತ್ರ.

ಮರುದಿನವೇ ನಾನು ತನಿಖಾ ಆಯೋಗ ರಚಿಸಿ, ನಿನ್ನ ರೂಮಿನ ಮಂಜೇಶನಿಗೆ ಫೋನ್ ಹಚ್ಚಿದೆ. ಮೊದಲು ರಾಜ್ಯದ ರಹಸ್ಯ ಕಾಯುವವನ ಹಾಗೆ ಗತ್ತು ತೋರಿಸಿದ. ಅಜ್ಜಿಯನ್ನೇ ಕರಕೊಂಡು ಬೆಳಗಿನ ರೈಲಿಗೆ ಬತ್ತೀನಿ ಅಂದ ಮೇಲೆ ಎಲ್ಲ ಕಕ್ಕಿದ. ಟಿ.ವಿ.ಯವರು ತಮಿಳು ತೆಲುಗು ಬೆರೆಸಬೇಡ, ಇಸ್ತ್ರಿ ಹಾಕಿದ ಕನ್ನಡ ಮಾತಾಡಿಸು ಅಂದರಂತೆ. "ಅವಳು ಉರಿಗಾಂನವಳು ಸಾರ್, ಅವಳು ಮಾತಾಡೋದೇ ಹಂಗೆ" ಅಂದೆಯಂತೆ ನೀನು. ಹಾಗಾದರೆ ಬೊಂಬೆ ನಮ್ಮದು, ನೀನು ಹೊರಡು ಅಂದರಂತೆ. ಈಗ ಯಾವುದೋ ಮಾಲ್‌ನಲ್ಲಿ, ಮಕ್ಕಳ ಬಟ್ಟೆ ಅಂಗಡಿ ಮುಂದೆ ಕರಡಿ ವೇಷ ಹಾಕಿ ಕೈ ಬೀಸ್ತಿದ್ದೀಯಂತೆ. ಕರಡಿ ಮಾತಾಡೋ ಹಾಗಿಲ್ಲವಂತಲ್ಲ ಮಾಮ? ತಾತ ಗಣಿಗೆ ಹಾಕ್ಕೊಂಡು ಹೋಗ್ತಿದ್ದ ಕಾಲುಚೀಲವನ್ನು ಕೈಗೆ ಏರಿಸಿಕೊಂಡು, ಬೆಳಗಿನ ರೈಲಿನಲ್ಲಿ ತೂಕಡಿಸೋ ಜನವನ್ನೆಲ್ಲ ಬೈದು ಎಬ್ಬಿಸ್ತಿದ್ದವನು ನೀನು. ಆ ನಗು ಕೇಳಿಯೇ ತಾನೇ ಪಕ್ಕದ ಬೋಗಿಯ ಟಿ.ವಿ.ಯವರು ಎದ್ದು ಬಂದು ನಿನ್ನ ನಂಬರ್ ಕೇಳಿದ್ದು? ಅಂಥವನು ಬಾಯಿ ಮುಚ್ಚಿಕೊಂಡು ಕೈ ಬೀಸೋದು ನೆನೆಸಿಕೊಂಡರೆ ನನಗೆ ತಮಾಷೆಯೇ ಹೊಳೆಯಲ್ಲ. ನೋಡು, ಎಂಥ ಅನಾಹುತ.

ಇದರ ಮೇಲೆ ಮನೆಯಲ್ಲಿ ಒಂದು ಠರಾವು ಸರ್ವಾನುಮತದಿಂದ ಪಾಸಾಗಿದೆ: ಶತ್ರುವಿನ ಮೇಲೆ ಕಣ್ಣಿಡಲು ಕಾರ್ಯಕ್ರಮ ನೋಡತಕ್ಕದ್ದು, ಆದರೆ ಯಾರೂ ನಗತಕ್ಕದ್ದಲ್ಲ. ಪಕ್ಕದ ಮನೆ ಸುಮಲತಕ್ಕ ಬಾಯಿ ತಪ್ಪಿ ನಕ್ಕಿದ್ದಕ್ಕೆ ಅಜ್ಜಿ ಅವರ ಕೈಲಿದ್ದ ಕಾಫಿ ಲೋಟವನ್ನೇ ವಾಪಸ್ ಇಸ್ಕೊಂಡಳು. "ಕೆಲ್ಸ ಓದ್ರೆ ಓಗ್ಲಿ, ಮನೇಗ್ ಬರಾಕೇನ್ ನಾಚ್ಕೆ ಇವನ್ಗೆ?" ಅಂತ ನಿನ್ನನ್ನೂ ದಿನಾ ಬೈತಾಳೆ. ಬೈತಾ ಬೈತಾನೇ ತನ್ನ ಹಸಿರು ಸೀರೆ ಕತ್ತರಿಸಿ ಹೊಸ ಬೊಂಬೆ ಹೊಲಿದಿದ್ದಾಳೆ. ಒಂದು ತೋಳನ್ನು ನಿನ್ನ ಬೆರಳಿನ ಅಳತೆಗೆ ಗಿಡ್ಡ ಮಾಡಿ, ಸೊಟ್ಟಗೆ ಹೊಲಿದಿದ್ದಾಳೆ. ನಾನು ಕೈ ತೂರಿಸಿ ನೋಡಿದೆ. ಬೆರಳು ನೊಂದಿತು, ಬೊಂಬೆ ಎದ್ದೇಳಲಿಲ್ಲ.

ಆದಕಾರಣ, ಕ್ಯಾಸಂಬಳ್ಳಿ ಹಾಲಿನ ಡೈರಿಯ ವಾರ್ಷಿಕ ಸಭೆಯಲ್ಲಿ, ಇಪ್ಪತ್ತೇಳನೇ ತಾರೀಖು ಭಾನುವಾರ, ನಿನ್ನ ಕಾರ್ಯಕ್ರಮ ಇದೆ ಅಂತ ಅಧ್ಯಕ್ಷ ಶ್ರೀನಿವಾಸಪ್ಪನವರಿಗೆ ಮಾತು ಕೊಟ್ಟಿದ್ದೇನೆ. ಮೈಕಿನವನಿಗೂ ಹೇಳಿಯಾಯ್ತು. ನಿನ್ನ ಒಪ್ಪಿಗೆ ಕೇಳುವ ಸಣ್ಣತನಕ್ಕೆ ನಾನು ಇಳಿಯಲಿಲ್ಲ. ಯಾವ ಭಾಷೇಲಿ ಬೇಕಾದರೂ ಬೈಯಬಹುದು, ಅಲ್ಲಿ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತೆ.

ಅಜ್ಜಿ ಆಶೀರ್ವಾದ ಹೇಳಿದ್ದಾಳೆ, ಬೈಗುಳದ ನಡುವೆ ನಾನೇ ಹುಡುಕಿ ತೆಗೆದೆ. ಅಮ್ಮ ಸ್ವೆಟರ್ ಹಾಕ್ಕೋ ಅಂದಳು. ಕರಡಿಗೆ ಬೇಡ ಅಂದೆ, ಅಳೋಕೆ ಶುರು ಮಾಡಿದಳು.

ಇಂತಿ,
ನಗೆ ನಿಷೇಧ ಖಾತೆಯ ಸಚಿವೆ,
ಲಿಖಿತ

ತಾ.ಕ.: ಪೋಸ್ಟಿನ ಡಬ್ಬಿ ತೆಗೆಯೋ ಹೊತ್ತಾಯ್ತು, ಬೇಗ ಹೇಳಿಬಿಡ್ತೀನಿ. ಠರಾವು ಮುರಿದದ್ದು ಸುಮಲತಕ್ಕ ಒಬ್ಬರೇ ಅಲ್ಲ. ನಿನ್ನೆ ಆ ನೆಟ್ಟಗಿನ ಕೈಯವನು ಬಸ್ ಕಂಡಕ್ಟರ್ ಮೇಲೆ ಏನೋ ಒಂದು ಅಂದ. ದಿಂಬು ಕಚ್ಚಿಕೊಂಡರೂ ತಡೆಯಲಾಗದೆ ನಕ್ಕುಬಿಟ್ಟೆ. ಅಜ್ಜಿ ಬೈಯಲಿಲ್ಲ. ಒಂದು ಸಲ ನನ್ನ ಮುಖ ನೋಡಿ, ಟಿ.ವಿ. ಆರಿಸಿ, ಬೊಂಬೆ ಎತ್ತಿಕೊಂಡು ಒಳಗೆ ಹೋದಳು. ಮಾಮ, ನಾನು ಇನ್ನೊಂದು ಸಲ ನಗೋದರೊಳಗೆ ಬಂದುಬಿಡು.