ಮಾವ ಕೂತು ನೋಡಿದ ಗಾಡಿ

ಕೆಲಸದ ಶೆಡ್ಡಿನಿಂದ,
ಮಾರ್ಚ್ ಹನ್ನೆರಡು, ಊಟದ ಬಿಡುವು

ಪ್ರೀತಿಯ ಅತ್ತೆಯವರಿಗೆ ನಿಮ್ಮ ಅಳಿಯನ ನಮಸ್ಕಾರ. "ಅಳಿಯ ಅಲ್ಲ, ಮಗಳ ಗಂಡ" ಎಂದು ನೀವು ಎಲ್ಲರೆದುರು ಪರಿಚಯ ಮಾಡಿಕೊಡುವ ಅದೇ ಪ್ರಾಣಿ.

ಮಂಡಿನೋವು ಹೇಗಿದೆ? ಚಿಕ್ಕ ಮಗಳ ಮನೆಯಲ್ಲಿ ಬಾಣಂತಿಯನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ನಿಮ್ಮ ಮಾತ್ರೆ ಮರೆಯುತ್ತೀರಿ ಎಂದು ನಿಮ್ಮ ದೊಡ್ಡ ಮಗಳಿಗೆ ಖಾತ್ರಿಯಾಗಿದೆ, ಆದ್ದರಿಂದ ಇದನ್ನು ಓದುವ ಮೊದಲು ನುಂಗಿಬಿಡಿ. ನಾದಿನಿ ಹೊಟ್ಟೆತುಂಬ ಉಣ್ಣುತ್ತಿದ್ದಾಳೆ ತಾನೇ? ಕೂಸಿನ ಮೂಗು ಯಾರದ್ದೆಂದು ತೀರ್ಮಾನವಾಯಿತೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಾವನವರು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ಬೀದಿಯಲ್ಲಿ ಹೋಗುವ ಪ್ರತಿ ಗಾಡಿಯ ಡ್ರೈವರನಿಗೂ ಬೈಯುತ್ತಿದ್ದಾರೆ, ಅಂದರೆ ಆರೋಗ್ಯವಾಗಿದ್ದಾರೆ.

ನಮ್ಮ ಹಳೆಯ ಪಿಕಪ್ ಮುದುಕಪ್ಪ ಕೊನೆಗೂ ಕೈಕೊಟ್ಟ. ಗುಡ್ಡದ ಮೇಲಿನ ಹೊಸ ಬಡಾವಣೆಗೆ ಬಾಗಿಲುಗಳನ್ನು ಒಯ್ಯುವಾಗ ನಡುದಾರಿಯಲ್ಲಿ ಒಮ್ಮೆ ಕೆಮ್ಮಿ ನಿಂತವನು ಮತ್ತೆ ಏಳಲಿಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿ, ನೋಡಿ, ಮೆಲ್ಲನೆ ಮುಚ್ಚಿದ. ಅಂದಿನಿಂದ ಮನೆಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಕಥೆ. ನನಗೆ ದೊಡ್ಡ ಎಂಜಿನ್ನಿನ ದೊಡ್ಡ ಪಿಕಪ್ ಬೇಕು, ಗುಡ್ಡ ಹತ್ತಬೇಕು, ತೇಗದ ಜೋಡಿ ಬಾಗಿಲು ಪೂರ್ತಿ ಮಲಗಬೇಕು. ನಿಮ್ಮ ಮಗಳಿಗೆ ಲೀಟರಿಗೆ ಹೆಚ್ಚು ಓಡುವ ಚಿಕ್ಕದು ಬೇಕು. "ಗುಡ್ಡಕ್ಕೆ ನೀವು ಹೋಗೋದು ವಾರಕ್ಕೊಂದ್ಸಲ. ಡೀಸೆಲ್ ಕುಡಿಸೋದು ದಿನಾ" ಎನ್ನುತ್ತಾಳೆ. ನಾನು ಆನೆ ಎಂದರೆ ಅವಳು ಗುಬ್ಬಿ ಎನ್ನುವಳು. ಊಟಕ್ಕೆ ಕೂತರೂ ಅದೇ, ಬಟ್ಟೆ ಮಡಿಸುವಾಗಲೂ ಅದೇ.

ಆಗ ಫೋನಿನಲ್ಲಿ ನೀವು ಹೇಳಿದ ಮಾತೇ ದಾರಿ ತೋರಿಸಿತು, ಅತ್ತೆ. "ಖಾಲಿ ಗಾಡಿ ಓಡಿಸಿ ನೋಡಿದ್ರೆ ಏನ್ ಗೊತ್ತಾಗುತ್ತೋ? ಬಾಗಿಲು ಹೇರ್ಕೊಂಡು ನೋಡು" ಎಂದಿರಿ. ಮದುವೆಯಾದ ಹೊಸತರಲ್ಲಿ ನಿಮ್ಮ ಹಿತ್ತಲಿನ ಶೆಡ್ ಬಿಟ್ಟುಕೊಟ್ಟು, ಪೇಂಟಿನ ಡಬ್ಬಿಗಳನ್ನೆಲ್ಲ ನೀವೇ ಹೊರಗೆ ಸಾಗಿಸಿ, "ಇಲ್ಲಿ ಸದ್ದು ಮಾಡು, ನಮಗೇನೂ ತೊಂದರೆಯಿಲ್ಲ" ಎಂದವರು ನೀವು. ಇಂದಿಗೂ ಮರ ಹೆರೆಯಲು ರಂದಾ ಹಿಡಿದಾಗಲೆಲ್ಲ ಆ ಮಾತು ನೆನಪಾಗುತ್ತದೆ. ನಿಮ್ಮ ಮಾತು ಮೀರುವುದುಂಟೇ? ಬಾಗಿಲುಗಳನ್ನು ಬಾಡಿಗೆ ಗಾಡಿಯಲ್ಲಿ ಷೋರೂಮಿಗೆ ಒಯ್ದೆ. ಮಾರಾಟದ ಹುಡುಗಿ ನಾನು ಬಾಗಿಲು ಮಾರಲು ಬಂದಿದ್ದೇನೆಂದು ತಿಳಿದು "ನಮಗೆ ಬೇಡ ಸರ್" ಎಂದುಬಿಟ್ಟಳು. ವಿಷಯ ತಿಳಿದ ಮೇಲೆ ಬಿದ್ದು ಬಿದ್ದು ನಕ್ಕಳು, ಹೇರಲು ಕೈಯನ್ನೂ ಜೋಡಿಸಿದಳು.

ಗುಬ್ಬಿ ಪೇಟೆಯಲ್ಲಿ ಸೊಗಸಾಗಿ ಓಡಿತು. ಡೀಸೆಲ್ ಮುಳ್ಳು ಅಲ್ಲಾಡಲೇ ಇಲ್ಲ, ನಿಮ್ಮ ಮಗಳು ಗೆದ್ದವಳ ಹಾಗೆ ಕೂತಿದ್ದಳು. ಗುಡ್ಡದ ಬುಡಕ್ಕೆ ಬಂದಾಗ ಅದರ ಗಂಟಲು ಕಟ್ಟಿತು. ಮೊದಲ ಗೇರಿನಲ್ಲಿ ಅಳುತ್ತ ಅಳುತ್ತ ಹತ್ತಿತು. ಹಿಂದೆ ಬಸ್ಸೊಂದು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಯಿತು. ಬಾಗಿಲುಗಳು ಮೊಳದುದ್ದ ಹೊರಗೆ ಚಾಚಿದ್ದವು. ಆನೆಯೋ, ಅದೇ ಗುಡ್ಡವನ್ನು ಹೂವಿನ ಬುಟ್ಟಿ ಹೊತ್ತಂತೆ ಹತ್ತಿತು. ಆದರೆ ಹಿಂದಿರುಗುವ ಹೊತ್ತಿಗೆ ಡೀಸೆಲ್ ಮುಳ್ಳು ಇಳಿದ ಚಂದಕ್ಕೆ ನಾನೇ ಬೆರಳಿನಿಂದ ಗಾಜು ತಟ್ಟಿ ನೋಡಿದೆ. ನಮ್ಮ ಬೀದಿಯ ತಿರುವಿನಲ್ಲಿ ಸಿಕ್ಕಿಬಿದ್ದು, ಎದುರುಮನೆ ಟೈಲರ್ ತನ್ನ ಅಂಗಡಿಯ ಮುಂದೆ ಚಾಚಿದ ಬಟ್ಟೆಯ ಚಪ್ಪರ ಮಡಿಸಿದ ಮೇಲೆಯೇ ಬಿಡುಗಡೆ. "ನಾಳೆಯಿಂದ ದಿನಾ ಮಡಿಸ್ಬೇಕಾ?" ಎಂದು ಅವನು ಕೇಳಿದ ರೀತಿಯಲ್ಲಿ ನನ್ನ ಆಸೆ ಅರ್ಧ ಸತ್ತಿತು.

ಬೀದಿಯ ಈ ಆಟವನ್ನೆಲ್ಲ ಮಾವ ಕಿಟಕಿಯಿಂದ ನೋಡುತ್ತಿದ್ದರು. ನಿಮಗೆ ಗೊತ್ತೇ ಇದೆ, ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಕರೆತರುವ ದಿನ ನಾವೆಲ್ಲ ಸೇರಿ ಅವರನ್ನು ಮೂಟೆಯಂತೆ ಎತ್ತಿ ಕಾರಿನೊಳಗೆ ತುರುಕಿದ ಮೇಲೆ ಅವರು ಯಾವ ಗಾಡಿಯನ್ನೂ ಹತ್ತಿರಲಿಲ್ಲ. ಆಯುಸ್ಸೆಲ್ಲ ಬಸ್ಸು ಓಡಿಸಿದವರಿಗೆ ಅದು ಎಷ್ಟು ಚುಚ್ಚಿರಬೇಕು! ಮೊಮ್ಮಗು ಹುಟ್ಟಿದ ಸುದ್ದಿ ಬಂದಾಗಲೂ "ಫೋಟೋದಲ್ಲಿ ನೋಡಿದ್ನಲ್ಲ, ಸಾಕು ಬಿಡು" ಎಂದು ಗೋಡೆಯ ಕಡೆ ತಿರುಗಿಕೊಂಡಿದ್ದರು.

ಮೂರನೆಯ ಗಾಡಿ ನಿಮ್ಮ ಮಗಳು ಹುಡುಕಿದ್ದು. ಮಧ್ಯಮ ಗಾತ್ರದ್ದು. ಗುಬ್ಬಿಯಷ್ಟು ಉಳಿಸುವುದಿಲ್ಲ, ಆನೆಯಷ್ಟು ಎಳೆಯುವುದಿಲ್ಲ. ಗುಡ್ಡವನ್ನು ಗೊಣಗದೆ ಹತ್ತಿತು, ತಿರುವಿನಲ್ಲಿ ಟೈಲರನ ಚಪ್ಪರ ಮುಟ್ಟಲಿಲ್ಲ. ಬಾಗಿಲು ಮಲಗಲು ಹಿಂದಿನ ಹಲಗೆ ಬಿಚ್ಚಿ ಕೆಂಪು ಬಟ್ಟೆ ಕಟ್ಟಬೇಕು, ಅಷ್ಟೆ. ಯಾವುದರಲ್ಲೂ ಮೊದಲಲ್ಲ ಎಂದು ನಾನಿನ್ನೂ ಮೂಗು ಮುರಿಯುತ್ತಿದ್ದೆ. ಆಗ ಮನೆ ಮುಂದೆ ಕೋಲಿನ ಸದ್ದಾಯಿತು. ಮಾವ ತಾವೇ ಹೊರಗೆ ಬಂದಿದ್ದರು! ಗಾಡಿಯ ಸುತ್ತ ಒಂದು ಸುತ್ತು ಬಂದು, ಟೈರಿಗೆ ಕೋಲು ತಾಗಿಸಿ, "ಡೋರ್ ತೆಗಿ" ಎಂದರು. ತೆಗೆದೆ. ಹಿಡಿಯಲು ಹೋದರೆ ಕೈ ತಳ್ಳಿದರು. ಸೀಟಿಗೆ ಬೆನ್ನು ತಿರುಗಿಸಿ ನಿಂತರು. ಸೀಟು ಅವರ ಸೊಂಟದ ಮಟ್ಟಕ್ಕೆ ಸರಿಯಾಗಿತ್ತು. ಆನೆಯಾಗಿದ್ದರೆ ಹತ್ತಬೇಕಿತ್ತು, ಗುಬ್ಬಿಯಾಗಿದ್ದರೆ ಬಗ್ಗಿ ಕುಸಿಯಬೇಕಿತ್ತು. ಇಲ್ಲಿ ಅವರು ಸುಮ್ಮನೆ ಕೂತರು. ಆಮೇಲೆ ಒಂದು ಕಾಲು, ಇನ್ನೊಂದು ಕಾಲು ನಿಧಾನವಾಗಿ ಒಳಗೆ ತೆಗೆದುಕೊಂಡರು.

"ಏನ್ ನೋಡ್ತಾ ನಿಂತೆ? ಸ್ಟಾರ್ಟ್ ಮಾಡು" ಎಂದರು. ದೊಡ್ಡ ರಸ್ತೆಯಲ್ಲಿ ಬಸ್ ಡಿಪೋವರೆಗೂ ಹೋದೆವು. "ಗೇರ್ ಹಾಕು, ಅದನ್ಯಾಕೆ ಅಳಿಸ್ತೀಯ", "ಅವನಿಗೆ ದಾರಿ ಬಿಡು, ಅವನೂ ಮನೆಗೆ ಹೋಗ್ಬೇಕು" ಎಂದು ದಾರಿಯುದ್ದಕ್ಕೂ ಪಾಠ. ಡಿಪೋ ಗೇಟಿನಲ್ಲಿದ್ದ ಕಾವಲುಗಾರ ಅವರನ್ನು ಗುರುತಿಸಿ ಎದ್ದು ನಿಂತು ಸಲಾಂ ಹೊಡೆದ. ಮಾವ ಕಿಟಕಿಯಿಂದ ಕೈ ಎತ್ತಿದ್ದನ್ನು ನೀವು ನೋಡಬೇಕಿತ್ತು. ಮರಳಿ ಬಂದಾಗ ನಿಮ್ಮ ಮಗಳು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಲೀಟರಿಗೆ ಎಷ್ಟು ಓಡಿತೆಂದು ಕೇಳಲು ಅವಳಿಗೂ ನೆನಪಾಗಲಿಲ್ಲ, ಎಂಜಿನ್ನಿನ ಬಗ್ಗೆ ಮಾತೆತ್ತಲು ನನಗೂ ಆಗಲಿಲ್ಲ. ಆ ಗಾಡಿಯನ್ನೇ ತಂದೆವು.

ಮಾತ್ರೆ, ನಿದ್ದೆ ತಪ್ಪಿಸಬೇಡಿ. ನಾದಿನಿಗೂ ಷಡ್ಡಕನಿಗೂ ನಾನು ಕೇಳಿದೆನೆಂದು ಹೇಳಿ. ಕೂಸಿಗೆ ಮುತ್ತು, ಮೂಗು ಯಾರದ್ದಾದರೂ ಸರಿ. ನಿಮ್ಮಂಥ ಅತ್ತೆ ಸಿಕ್ಕಿದ್ದು ನನ್ನ ಪುಣ್ಯ. ಎದುರಿಗೆ ಹೇಳಿದರೆ ನೀವು ಬೈಯುತ್ತೀರಿ, ಅದಕ್ಕೇ ಬರೆದಿದ್ದೇನೆ.

ನಿಮ್ಮ ಪ್ರೀತಿಯ
ಮಗಳ ಗಂಡ

ಮರೆತಿದ್ದೆ: ಶನಿವಾರ ನಾವು ಬರುತ್ತಿದ್ದೇವೆ, ಮಾವನೂ. ನಿಮಗೆ ತಿಳಿಸಬಾರದೆಂದು ಅವರ ಅಪ್ಪಣೆ, ಆದ್ದರಿಂದ ನಿಮಗೇನೂ ಗೊತ್ತಿಲ್ಲ. ಇವತ್ತು ಕ್ಷೌರಿಕನನ್ನು ಮನೆಗೆ ಕರೆಸಿ ಮೀಸೆ ಸರಿ ಮಾಡಿಸಿಕೊಂಡರು. ಗಾಡಿ ನಿಂತಾಗ ಯಾರೂ ಕೈ ಹಿಡಿಯಲು ಓಡಿ ಬರಬೇಡಿ, ಎಷ್ಟೇ ಹೊತ್ತಾದರೂ ಅವರೇ ಇಳಿಯುತ್ತಾರೆ. ನೀವು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿರಿ, ಸಾಕು.