ಮೂರರಲ್ಲಿ ಒಂದನೇ ಪುಟ

ಹಾಸ್ಟೆಲ್, ರೂಮ್ ನಂ. 31
ಮಾರ್ಚ್ 14

ಪ್ರೀತಿಯ ಅಕ್ಕ,

ಹೇಗಿದ್ದೀಯ? ನಾನು ಇದ್ದೇನೆ, ಅಷ್ಟೇ. ಎರಡು ವಾರದಿಂದ ಪತ್ರ ಶುರುಮಾಡುವುದು, ಹರಿಯುವುದು, ಇದೇ ಆಗಿತ್ತು. ತಡವಾಯಿತು, ಬೈದುಕೋ. ಫೋನಿನಲ್ಲಿ ಕೇಳೋಣವೆಂದರೆ ನೀನು ಯಾವಾಗಲೂ ಸ್ಪೀಕರ್ ಹಾಕಿರುತ್ತೀಯ. ಹಿಂದೆ ಅಮ್ಮ ಉಸಿರು ಬಿಗಿಹಿಡಿದು ನಿಂತಿರುವುದು ನನಗೆ ಗೊತ್ತಾಗುತ್ತದೆ. ಅದಕ್ಕೇ ನೀನು ಪಾಠ ಮಾಡುವ ಸ್ಕೂಲಿನ ವಿಳಾಸಕ್ಕೆ ಬರೆದಿದ್ದೇನೆ. ಸ್ಟಾಫ್ ರೂಮಿನಲ್ಲೇ ಓದಿಬಿಡು.

ನೇರವಾಗಿ ಕೇಳುತ್ತೇನೆ. ಅಪ್ಪನಿಗೆ ಆಗಿರುವುದು ಕ್ಯಾನ್ಸರ್ ತಾನೆ?

"ಕರುಳಲ್ಲಿ ಹುಣ್ಣಾಗಿ ಒಡೆದಿತ್ತು, ಆಪರೇಷನ್ ಆಯ್ತು, ಈಗ ಆರಾಮು" ಅಂದೆ ನೀನು. ಬರೀ ಹುಣ್ಣಾದರೆ ಭಾವ ಯಾಕೆ "ಹನ್ನೆರಡು ಸಲ ಡ್ರಿಪ್ ಹಾಕಿಸಬೇಕಂತೆ" ಅಂದು, ಕೆಮ್ಮಿ, ಕ್ರಿಕೆಟ್ಟಿನ ಮಾತಿಗೆ ಹಾರಿದರು? ವೀಡಿಯೋ ಕಾಲಿನಲ್ಲಿ ಅಪ್ಪ ಯಾಕೆ ಪಾಸ್‌ಪೋರ್ಟ್ ಫೋಟೋ ಥರ ಕತ್ತಿನಿಂದ ಮೇಲಷ್ಟೇ ಕಾಣುತ್ತಾರೆ? ನೀನು ಕಳಿಸಿದ ಡಿಸ್ಚಾರ್ಜ್ ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರರಲ್ಲಿ ಒಂದನೇ ಪುಟ ಎಂದಿದೆ. ಉಳಿದೆರಡು ಎಲ್ಲಿ?

ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿರುವವಳಿಗೆ ನಮ್ಮ ಮನೆಯ ಪದ್ಧತಿ ಗೊತ್ತು. ಕೆಟ್ಟ ಸುದ್ದಿ ಏನಿದ್ದರೂ ಪರೀಕ್ಷೆ ಮುಗಿದ ಮೇಲೆ. ಅಜ್ಜಿ ಹೋದದ್ದು ನನಗೆ ತಿಳಿದದ್ದು ಹದಿನೇಳನೇ ದಿನ, ಗಣಿತದ ಪೇಪರ್ ಬರೆದು ಬಂದಾಗ. ಈಗ ಡಾಕ್ಟರ್ ಓದಿಗೆ ಸೇರಿ ಏಳು ತಿಂಗಳು, ಪರೀಕ್ಷೆ ಮುಗಿಯುವುದು ಜೂನಿನಲ್ಲಿ. ಅಷ್ಟು ದಿನ ಕಾಯಲಾರೆ.

ನಿನ್ನೆ ನಮ್ಮ ಅನಾಟಮಿ ಮೇಡಂ ಹತ್ತಿರ ಹೋಗಿದ್ದೆ. ಮೊದಲು ಸರ್ಜನ್ ಆಗಿದ್ದವರು. ನನ್ನ ಫ್ರೆಂಡಿನ ಅಪ್ಪನಿಗೆ ಹೀಗಾಗಿದೆ ಎಂದು ಎಲ್ಲ ಹೇಳಿದೆ.

"ಕ್ಯಾನ್ಸರಿಂದ ಕರುಳು ತೂತಾಗಿದ್ರೆ ಕಷ್ಟಾನೇ" ಅಂದರು. "ಒಳಗಿನ ಹೊಲಸೆಲ್ಲ ಹೊಟ್ಟೆಗೆ ಚೆಲ್ಲಿ ನಂಜೇರುತ್ತೆ. ಎಷ್ಟೋ ಜನ ಮೊದಲ ತಿಂಗಳಲ್ಲೇ ಹೋಗಿಬಿಡ್ತಾರೆ. ಅದನ್ನ ದಾಟಿದೋರ ಕಥೆ ಬೇರೆ. ಬೇರೆ ಕಡೆ ಹರಡಿಲ್ಲ, ಗಡ್ಡೆ ಪೂರ್ತಿ ತೆಗೆದಿದಾರೆ, ಕೀಮೋ ತಡ್ಕೋತಾರೆ ಅಂದ್ರೆ ವರ್ಷಗಟ್ಟಲೆ ಬದುಕಿರೋರನ್ನ ನಾನೇ ನೋಡಿದೀನಿ. ರಿಪೋರ್ಟ್ ನೋಡದೆ ಯಾರೇನು ಹೇಳಿದ್ರೂ ಅದು ಕಣಿ ಹೇಳಿದ ಹಾಗೆ."

ಆಮೇಲೆ ಕನ್ನಡಕ ತೆಗೆದಿಟ್ಟು, "ನಿನ್ನ ಫ್ರೆಂಡು ಸರಿಯಾಗಿ ಊಟ ಮಾಡ್ತಿದಾಳಾ?" ಅಂದರು. ನಾನು ತಲೆ ತಗ್ಗಿಸಿಕೊಂಡು ಹೊರಬಂದೆ.

ಅಪ್ಪ ಆ ತಿಂಗಳು ದಾಟಿದ್ದಾರೆ. ಆಪರೇಷನ್ ಆಗಿ ಇವತ್ತಿಗೆ ನಲವತ್ತೊಂದು ದಿನ. ಹರಡಿದೆಯೋ ಇಲ್ಲವೋ ಎನ್ನುವುದು ಉಳಿದೆರಡು ಪುಟದಲ್ಲಿರುತ್ತದೆ. ಅವು ನನಗೆ ಬೇಕು.

ಮೊನ್ನೆ ಅಪ್ಪ ಒಬ್ಬರೇ ಫೋನಿಗೆ ಸಿಕ್ಕರು. "ಕಕ್ಕಸು ಹೋಗೋಕೆ ಹೊಟ್ಟೆ ಮೇಲೆ ಚೀಲ ಹಾಕಿದಾರಾ ಅಪ್ಪ?" ಅಂದೆ. "ಮೂವತ್ತು ವರ್ಷ ಊರೋರಿಗೆಲ್ಲ ಜೇಬು ಹೊಲಿದೆ. ಟೈಲರಿಗೂ ಒಂದು ಬೇಡ್ವೇನೇ?" ಅಂದು ನಕ್ಕರು. ನಗು ಅರ್ಧಕ್ಕೇ ನಿಂತಿತು, ಗಾಯ ಎಳೆದಿರಬೇಕು. "ನೀನು ಓದ್ಕೋ, ಇದನ್ನೆಲ್ಲ ತಲೆಗೆ ಹಚ್ಕೋಬೇಡ" ಅಂದರು. ಅವರೂ ನಿಮ್ಮ ಪಾರ್ಟಿಯೇ.

ಅಮ್ಮನಿಗೆ ನಮಸ್ಕಾರ ಹೇಳು. ಭಾವನಿಗೆ ನಟನೆ ಬರುವುದಿಲ್ಲ ಅಂತಲೂ ಹೇಳು. ಅಪ್ಪನ ಹಾಸಿಗೆ ಬದಲಿಸುವ ನಿನ್ನ ಕೈ ತಣ್ಣಗಿರಲಿ. ಚಿಕ್ಕವರು ಹರಸಬಾರದಂತೆ, ಹರಸಿದ್ದೇನೆ.

ನಿನ್ನ
ಬಾಲ

ತಾ.ಕ.: ಅಕ್ಟೋಬರ್ ರಜೆಯಲ್ಲಿ ಅಪ್ಪ ಅಂಗಡಿ ಬಾಗಿಲು ಅರ್ಧ ಎಳೆದು ನನ್ನನ್ನು ಕೂರಿಸಿಕೊಂಡಿದ್ದರು. "ಡಾಕ್ಟರಮ್ಮ, ಕಕ್ಕಸಿಗೆ ಹೋದಾಗ ರಕ್ತ ಹೋಗ್ತಿದೆ. ನಿಮ್ಮಮ್ಮನಿಗೆ ಹೇಳ್ಬೇಡ" ಅಂದರು. ಆಗಿನ್ನೂ ಕೈಮೂಳೆಗಳ ಹೆಸರು ಬಿಟ್ಟರೆ ನನಗೇನೂ ಗೊತ್ತಿರಲಿಲ್ಲ. ಆದರೂ ದೊಡ್ಡದಾಗಿ, "ಪೈಲ್ಸ್ ಅಪ್ಪ. ನೀರು ಜಾಸ್ತಿ ಕುಡೀರಿ, ಸೊಪ್ಪು ತಿನ್ನಿ" ಅಂದೆ. ಅವರ ಮುಖ ಎಷ್ಟು ಹಗುರಾಯಿತು ಗೊತ್ತಾ? ಆಮೇಲೆ ಕರುಳು ಒಡೆಯುವ ತನಕ ಯಾರಿಗೂ ತೋರಿಸಲಿಲ್ಲ. ಇದು ಗೊತ್ತಿದ್ದೇ ಅಮ್ಮ ಇಷ್ಟು ದಿನ ನನ್ನನ್ನು ಬೈಯದೆ ಬಿಟ್ಟಿದ್ದಾಳಾ? ಅಥವಾ ಅಪ್ಪ ಇನ್ನೂ ಬಾಯಿಬಿಟ್ಟಿಲ್ಲವಾ? ಬಿಟ್ಟಿಲ್ಲದಿದ್ದರೆ ನೀನೇ ಡಾಕ್ಟರಿಗೆ ಹೇಳು, ಅಕ್ಟೋಬರಿನಲ್ಲೇ ರಕ್ತ ಹೋಗುತ್ತಿತ್ತು ಅಂತ. ಮೊದಲು ಯಾರಿಗೆ ತೋರಿಸಿದ್ದಿರಿ ಅಂತ ಅವರು ಕೇಳಿದರೆ, ಮನೆಯಲ್ಲೇ ಒಬ್ಬಳಿಗೆ ಅನ್ನು.